ಕಂಠದಲ್ಲಿ ಉಳಿದ ಕಾವ್ಯ

ಫ. ಗು. ಹಳಕಟ್ಟಿಯವರು ತಾಳೆಗರಿಯ ಕಟ್ಟುಗಳನ್ನು ಅರಸಿ ಮನೆಮನೆ ತಿರುಗಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದುದು ವಾಚಕರೆಲ್ಲ ಬಲ್ಲ ಸಂಗತಿ. ಒಡೆಯನು ಲಿಂಗೈಕ್ಯನಾದ ಮೇಲೂ ತಾಳೆಗರಿ ಅಟ್ಟದ ಮೇಲೆ ಉಳಿದಿರುತ್ತದೆ. ಕಂಠದಲ್ಲಿರುವ ಕಾವ್ಯಕ್ಕೆ ಅಂತಹ ಅಟ್ಟವಿಲ್ಲ.

ಮಲೆಯ ಮಾದೇಶ್ವರನ ಕಾವ್ಯ ಇಂತಹದು. ಬೆಟ್ಟದ ಪೂಜೆ ಬೇಡಗಂಪಣ ಲಿಂಗಾಯತರದು. ದೀಕ್ಷೆ ಹೊಂದಿ ಕಂಸಾಳೆ ಹಿಡಿದು ಇರುಳಿಡೀ ಹಾಡುವ ದೇವರಗುಡ್ಡರಾದರೋ ಹಲವು ಜಾತಿಗಳವರು. ಕಥೆಯ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು: ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು. ಯಾವುದನ್ನು ಎಷ್ಟು ಹಿಗ್ಗಿಸಬೇಕೆಂಬುದನ್ನು ಹೊತ್ತನ್ನೂ ಕೇಳುವವರನ್ನೂ ನೋಡಿ ಹಾಡುವವನೇ ನಿರ್ಧರಿಸುತ್ತಾನೆ. ಪಿ. ಕೆ. ರಾಜಶೇಖರ ಅವರ ಸಂಪಾದನೆ 1973ರಲ್ಲಿ ಪ್ರಕಟವಾಯಿತು. ದೊಡ್ಡ ಉಪಕಾರವೇ ಸರಿ. ಆದರೂ ಇನ್ನೊಂದು ಮೇಳದ ಪಾಠ ಬೇರೆಯೇ ಇರುತ್ತದೆ.

ನಮ್ಮ ತಪ್ಪೊಂದನ್ನು ಇಲ್ಲಿ ಹೇಳಿಕೊಳ್ಳಬೇಕು. ಮಠದಲ್ಲಿ ವ್ಯಾಕರಣ ಕಲಿತು ಹೊರಬಂದ ಹೊಸತರಲ್ಲಿ, ಕೊಳ್ಳೇಗಾಲದ ಕಡೆಯ ವೃದ್ಧ ಗುಡ್ಡರೊಬ್ಬರಿಂದ ಸಂಕಮ್ಮನ ಸಾಲನ್ನು ಕೇಳಿ ಬರೆದುಕೊಂಡೆವು. ಅವರು ‘ಮಾದಪ್ಪ’ ಎಂದಲ್ಲೆಲ್ಲ ‘ಮಹದೇಶ್ವರ’ ಎಂದು ತಿದ್ದಿದೆವು. ಬಲಗೈ ಭಾಷೆ ಕೊಡಲೊಲ್ಲದೆ ಸಂಕಮ್ಮ ಗಂಡನಿಗೆ ಎದುರಾಡುವ ಮಾತುಗಳು ಒರಟೆನಿಸಿ ಅವನ್ನು ಬಿಟ್ಟೇ ಬಿಟ್ಟೆವು. ಓದಿ ಹೇಳಿದಾಗ ಅವರು, “ಬುದ್ದಿ, ನಾ ಅಂದದ್ದು ಅಂಗಲ್ಲ” ಎಂದರು. ವಿದ್ಯೆಯ ಗರ್ವ, ನಾವು ಕಿವಿಗೊಡಲಿಲ್ಲ. ಆರು ವರ್ಷಗಳ ತರುವಾಯ ಮತ್ತೆ ಹೋದಾಗ ಅವರು ಇರಲಿಲ್ಲ. ಮಗನು ಕಂಸಾಳೆಯನ್ನು ತಂದು ತೋರಿಸಿದನು. ಹಾಡು ಅವನಿಗೆ ಬಾರದು.

ಮನೆಯ ಹಿರಿಯರ ಬಾಯಿಮಾತನ್ನು ಸಂಗ್ರಹಿಸಲು ಹೊರಡುವ ತರುಣರು ಅವರ ಒಪ್ಪಿಗೆ ಪಡೆದು, ಅಂದುದನ್ನು ಅಂದಂತೆಯೇ ಬರೆದುಕೊಳ್ಳಲಿ. ಯಾರು, ಯಾವ ಊರಿನಲ್ಲಿ, ಯಾವ ದಿನ ಹೇಳಿದರು, ಎದುರಿಗೆ ಯಾರಿದ್ದರು ಎಂಬುದೂ ಜೊತೆಗಿರಲಿ. ಅತ್ತೆಯ ಎದುರು ಸೊಸೆ ಹೇಳುವ ಕಥೆಯೇ ಬೇರೆಯಲ್ಲವೆ? ಈಗ ಮೊಬೈಲಿನಲ್ಲಿಯೇ ಧ್ವನಿಯನ್ನು ಹಿಡಿಯಬಹುದು. ಹಳೆಯ ಕ್ಯಾಸೆಟ್ಟುಗಳು ಮನೆಯಲ್ಲಿದ್ದರೆ ಬೂಸು ಹಿಡಿಯುವ ಮೊದಲೇ ಪ್ರತಿ ಮಾಡಿಸಿ, ಎರಡು ಕಡೆ ಇಡುವುದು ಲೇಸು.

ನಮ್ಮ ಆ ಪುಸ್ತಕ ಇನ್ನೂ ಇದೆ. ತಿದ್ದಿದ ಪದಗಳ ಕೆಳಗೆ ಆ ಹಿರಿಯರ ನುಡಿಯನ್ನು ನೆನಪಿನಿಂದ ಬರೆಯಲು ಕುಳಿತೆವು. ಹನ್ನೊಂದು ಪದಗಳು ದೊರೆತವು.