ಟೆಲಿಸ್ಕೋಪಿಗೆ ಹಳೇ ವೆಬ್‌ಕ್ಯಾಮ್: ಮನೆ ಮಾಳಿಗೆಯಿಂದಲೇ ಚಂದ್ರ, ಶನಿಯ ಫೋಟೊ

ನರಗುಂದ: ಬರೀ ಮೊಬೈಲ್‌ನಲ್ಲಿ ಚಂದ್ರನ ಫೋಟೊ ತೆಗೆದರೆ ಬಿಳಿ ಚುಕ್ಕೆ ಬಿಟ್ಟು ಏನೂ ಕಾಣಂಗಿಲ್ಲ. ಸಣ್ಣ ಟೆಲಿಸ್ಕೋಪಿಗೆ ಹಳೇ ವೆಬ್‌ಕ್ಯಾಮ್ ಜೋಡಿಸಿದರೆ ಚಂದ್ರನ ಕುಳಿ, ಗುರುವಿನ ಪಟ್ಟೆ, ಶನಿಯ ಬಳೆ ಹಿಡಿಯಬಹುದು. ಬಜಾರದ ದೀಪದ ಬೆಳಕು ಇವಕ್ಕೆ ಅಷ್ಟು ಅಡ್ಡಿಯಲ್ಲ. ಹೊಲಕ್ಕೋ ಗುಡ್ಡಕ್ಕೋ ಹೋಗಬೇಕಿಲ್ಲ.

ಜೋಡಿಸುವುದು ಹೇಗೆ?
ವೆಬ್‌ಕ್ಯಾಮ್‌ನ ಲೆನ್ಸ್ ತಿರುವಿ ಬಿಚ್ಚಬೇಕು. ಅಲ್ಲಿಗೆ 1.25 ಇಂಚಿನ ಕೊಳವೆ ಕೂಡಿಸಿ, ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಮಸೂರದ ಜಾಗಕ್ಕೆ ಸಿಕ್ಕಿಸಿ, ವೈರನ್ನು ಲ್ಯಾಪ್‌ಟಾಪ್‌ಗೆ ಹಾಕಿದರಾಯಿತು. ಮೊದಲು ಚಂದ್ರನ ಮೇಲೆ ಫೋಕಸ್ ಕಲಿಯುವುದು ಸುಲಭ.

ಫೋಟೊ ಬಿಟ್ಟು ವಿಡಿಯೊ ಯಾಕೆ?
ಬೇಸಿಗೆ ಮಧ್ಯಾಹ್ನ ಡಾಂಬರು ರಸ್ತೆ ಮೇಲೆ ಗಾಳಿ ನಡುಗಿದಂತೆ ಆಕಾಶದಲ್ಲೂ ನಡುಗುತ್ತದೆ. ಒಂದೇ ಫೋಟೊ ಮಸುಕಾಗುತ್ತದೆ. ಸೆಕೆಂಡಿಗೆ 30ರಂತೆ ಎರಡು ನಿಮಿಷಕ್ಕೆ 3,600 ಚಿತ್ರ ಸಿಗುತ್ತವೆ. ರಿಜಿಸ್ಟ್ಯಾಕ್ಸ್, ಆಟೊಸ್ಟಾಕರ್ಟ್‌ನಂಥ ಉಚಿತ ಸಾಫ್ಟ್‌ವೇರ್ ಚಲೋ ಚಿತ್ರಗಳನ್ನಷ್ಟೇ ಆರಿಸಿ, ಒಂದರ ಮೇಲೊಂದು ಪೇರಿಸಿ ಸ್ಪಷ್ಟ ಚಿತ್ರ ಕೊಡುತ್ತದೆ. ಗುರು 10 ತಾಸಿನೊಳಗೆ ಒಂದು ಸುತ್ತು ತಿರುಗುವುದರಿಂದ ಅದರ ವಿಡಿಯೊ ಉದ್ದ ಮಾಡಬಾರದು.

ಯಾವಾಗ ಚಲೋ?
ಹುಣ್ಣಿಮೆಯಂದು ನೆರಳಿಲ್ಲದೆ ಚಂದ್ರ ಸಪಾಟಾಗಿ ಕಾಣುತ್ತಾನೆ. ಅಷ್ಟಮಿಯ ಆಸುಪಾಸು ಕುಳಿಗಳ ನೆರಳು ಉದ್ದ ಬಿದ್ದಿರುತ್ತದೆ. ಗ್ರಹಗಳು ನೆತ್ತಿಯತ್ತ ಏರಿದ ಮೇಲೆ ತೆಗೆಯಬೇಕು. ಹಗಲು ಕಾದ ಆರ್‌ಸಿಸಿ ಮಾಳಿಗೆ ತಣ್ಣಗಾಗುವವರೆಗೆ ಕಾಯಿರಿ. ಮಣ್ಣಿನ ಅಂಗಳವಿದ್ದರೆ ಇನ್ನೂ ಉತ್ತಮ.

ಎಚ್ಚರ!
ಟೆಲಿಸ್ಕೋಪನ್ನು ಸೂರ್ಯನತ್ತ ತಿರುಗಿಸಲೇಬಾರದು. ಕ್ಯಾಮೆರಾ ಸುಟ್ಟರೆ ಮತ್ತೊಂದು ತರಬಹುದು, ಹೋದ ಕಣ್ಣು ಬರಂಗಿಲ್ಲ. ಹಗಲು ಹೊತ್ತು ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿ.