ಮೆಕೆಂಜಿ ಸಂಗ್ರಹದಲ್ಲಿ ಕನ್ನಡ ನಾಡಿನ ಕೈಬರಹದ ಕಾಗದಗಳು

ಚೆನ್ನೈ ನಗರದ ತ್ರಿಪ್ಲಿಕೇನ್–ಚೆಪಾಕ್ ಪ್ರದೇಶದಲ್ಲಿರುವ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಾಲಯ ಕಟ್ಟಡದಲ್ಲಿ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವು ಅನೇಕ ದಶಕಗಳ ಕಾಲ ನೆಲೆಗೊಂಡಿತ್ತು. ಈಗ ಅದು ಕೋಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯಕ್ಕೆ ಸ್ಥಳಾಂತರಗೊಂಡಿದೆ. ತಾಳೆಗರಿಯ ಗ್ರಂಥಗಳಿಗೆ ಹೆಸರಾದ ಈ ಭಂಡಾರದಲ್ಲಿ ಕಾಗದದ ಮೇಲೆ ಬರೆದ ಪತ್ರಗಳು, ವರದಿಗಳು ಮತ್ತು ಕೈಫಿಯತ್ತುಗಳೂ ಇವೆ. ಕನ್ನಡ ನಾಡಿನ ಎಷ್ಟೋ ಊರುಗಳ ಇತಿಹಾಸಕ್ಕೆ ಇವು ಮುಖ್ಯ ಆಧಾರಗಳಾಗಿವೆ.

ಇವುಗಳನ್ನು ಸಂಗ್ರಹಿಸಿದವನು ಕರ್ನಲ್ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನವನಾದ ಈತ 1783ರಲ್ಲಿ ಕಂಪನಿಯ ಸೈನ್ಯದ ಸೇವೆಗಾಗಿ ಭಾರತಕ್ಕೆ ಬಂದನು. 1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ಬಳಿಕ ಮೈಸೂರು ಸೀಮೆಯ ಭೂಮಾಪನದ ಹೊಣೆ ಈತನ ಪಾಲಿಗೆ ಬಂದಿತು. ನೆಲವನ್ನು ಅಳೆಯುವುದರ ಜೊತೆಗೆ ಆ ನೆಲದ ಚರಿತ್ರೆಯನ್ನೂ ಬರೆಸಿಕೊಳ್ಳಬೇಕೆಂಬುದು ಅವನ ಹಂಬಲವಾಗಿತ್ತು. ಆದರೆ ಇಲ್ಲಿನ ಯಾವ ಭಾಷೆಯೂ ತನಗೆ ಬಾರದೆಂದು ಅವನೇ 1817ರ ಪತ್ರವೊಂದರಲ್ಲಿ ಒಪ್ಪಿಕೊಂಡಿದ್ದಾನೆ. ಆದ್ದರಿಂದ ಈ ಸಂಗ್ರಹದ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅವನ ಭಾರತೀಯ ಸಹಾಯಕರಿಗೆ ಸಲ್ಲಬೇಕು. ಕಾವಲಿ ವೆಂಕಟ ಬೊರಯ್ಯ, ಅವರ ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ ಇವರಲ್ಲಿ ಪ್ರಮುಖರು. ಹಳಗನ್ನಡ ಶಾಸನಗಳನ್ನು ಓದಿಕೊಟ್ಟವರು ಮಲೆಯೂರಿನ ಜೈನ ವಿದ್ವಾಂಸ ಧರ್ಮಯ್ಯನವರು. ಬೊರಯ್ಯನವರು 1803ರಲ್ಲಿಯೇ, ಚಿಕ್ಕ ವಯಸ್ಸಿನಲ್ಲಿ, ತೀರಿಕೊಂಡರು.

ಈ ಸಹಾಯಕರು ಊರೂರು ಸುತ್ತಿ, ತಾವು ಹೋದ ಸ್ಥಳ, ಕಂಡ ವ್ಯಕ್ತಿಗಳು, ನಕಲು ಮಾಡಿದ ಶಾಸನಗಳು ಇವುಗಳನ್ನು ಕುರಿತು ಮೆಕೆಂಜಿಗೆ ಕಾಗದ ಬರೆಯುತ್ತಿದ್ದರು. ಕೆಲಸ ಸುಲಭವಾಗಿರಲಿಲ್ಲ. ಹೊಸ ಸರ್ಕಾರದವರು ಹಳೆಯ ಪತ್ರಗಳನ್ನು ಕೇಳುವುದು ಕಂದಾಯ ಹೆಚ್ಚಿಸಲೆಂದೋ ಇನಾಮು ಕಸಿದುಕೊಳ್ಳಲೆಂದೋ ಜನರು ಅನುಮಾನಪಡುವುದು ಸಹಜವಾಗಿತ್ತು. ಶಾನುಭೋಗರ ಮನೆಯ ಕಡತಗಳು ಹೊರಬರಬೇಕಾದರೆ ಮೊದಲು ವಿಶ್ವಾಸ ಗಳಿಸಬೇಕಾಗಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಪುಸ್ತಕವೇ ಕಡತ. ಅದರ ಬರಹವನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು.

ಹೀಗೆ ಕಡತದಿಂದಲೂ ಹಿರಿಯರ ಬಾಯಿಂದಲೂ ಬರೆಸಿದ ಹೇಳಿಕೆಗೆ ಕೈಫಿಯತ್ತು ಎಂದು ಹೆಸರು. ಊರಿಗೆ ಹೆಸರು ಬಂದ ಬಗೆ, ಪಾಳೆಯಗಾರರ ವಂಶಾವಳಿ, ದೇವಸ್ಥಾನದ ಮಾನ್ಯ, ಕೆರೆಕಟ್ಟೆಗಳ ವಿಚಾರ ಇವೆಲ್ಲವೂ ಅದರಲ್ಲಿ ಬರುತ್ತವೆ. ಪುರಾಣಕ್ಕೂ ಚರಿತ್ರೆಗೂ ನಡುವೆ ಗೆರೆ ಎಳೆಯುವ ಗೋಜಿಗೆ ಬರೆದವರು ಹೋಗಿಲ್ಲ. ತಮ್ಮ ಹಕ್ಕನ್ನು ಸ್ಥಾಪಿಸಿಕೊಳ್ಳುವ ಆಸೆಯೂ ಕೆಲವರಿಗೆ ಇದ್ದಿರಬೇಕು. ಆದ್ದರಿಂದ ವಿದ್ವಾಂಸರು ಕೈಫಿಯತ್ತುಗಳನ್ನು ಶಾಸನಗಳೊಡನೆ ಹೋಲಿಸಿಯೇ ಬಳಸುತ್ತಾರೆ.

1821ರಲ್ಲಿ ಮೆಕೆಂಜಿ ನಿಧನನಾದ ಮೇಲೆ ಕಂಪನಿ ಸರ್ಕಾರವು ಅವನ ಪತ್ನಿಯಿಂದ ಒಂದು ಲಕ್ಷ ರೂಪಾಯಿಗೆ ಸಂಗ್ರಹವನ್ನು ಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಅದರ ಸೂಚಿಯನ್ನು ಕಲ್ಕತ್ತೆಯಲ್ಲಿ ಪ್ರಕಟಿಸಿದರು. ಕೆಲವು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಕಾಗದಗಳು ಮದರಾಸಿಗೆ ಮರಳಿದವು. ಸಂಗ್ರಹಕಾರ್ಯವನ್ನು ಮುಂದುವರಿಸಲು ಲಕ್ಷ್ಮಯ್ಯನವರು ಅವಕಾಶ ಕೋರಿದರು. ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ 1836ರಲ್ಲಿ ಅದಕ್ಕೆ ಸಮ್ಮತಿಸಲಿಲ್ಲ. ಮೂಲ ಸಾಮಗ್ರಿಯನ್ನು ಕೈಯಾರೆ ಕೂಡಿಸಿದವರ ಮನೆತನಕ್ಕೆ ಅದನ್ನು ವಿವೇಚಿಸುವ ಯೋಗ್ಯತೆ ಇಲ್ಲವೆಂದು ಎಣಿಸಿದ್ದು ಆ ಕಾಲದ ಅನ್ಯಾಯಗಳಲ್ಲಿ ಒಂದು.

ಅಷ್ಟರಲ್ಲಿ ಕಾಗದಗಳು ಶಿಥಿಲವಾಗತೊಡಗಿದ್ದವು. ಹುಳು ತಿಂದು, ಮಸಿ ಮಾಸಿ, ಅಂಚು ಮುರಿಯುತ್ತಿದ್ದ ಪ್ರತಿಗಳನ್ನು ಪಾದ್ರಿ ವಿಲಿಯಂ ಟೇಲರ್ 1830ರ ದಶಕದ ಉತ್ತರಾರ್ಧದಲ್ಲಿ ಪರಿಶೀಲಿಸಿ, ಹಲವನ್ನು ಹೊಸ ಸಂಪುಟಗಳಿಗೆ ನಕಲು ಮಾಡಿಸಿದರು. ಹೀಗಾಗಿ ಇಂದು ಓದುಗನ ಕೈಗೆ ಸಿಗುವುದು ಕೆಲವೊಮ್ಮೆ ನಕಲಿನ ನಕಲು. ಲಿಪಿಕಾರನ ಕಣ್ತಪ್ಪೊಂದು ಊರಿನ ಹೆಸರನ್ನೇ ಬದಲಿಸಿರಬಹುದು. 1869ರಲ್ಲಿ ಮೆಕೆಂಜಿ, ಲೇಡನ್ ಮತ್ತು ಸಿ. ಪಿ. ಬ್ರೌನ್ ಸಂಗ್ರಹಗಳನ್ನು ಒಟ್ಟುಗೂಡಿಸಿ ಈಗಿನ ಗ್ರಂಥಾಲಯವನ್ನು ಸ್ಥಾಪಿಸಲಾಯಿತು.

ಕನ್ನಡ ಕೈಫಿಯತ್ತುಗಳನ್ನು ಡಾ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದರು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1994ರಲ್ಲಿ ಆ ಗ್ರಂಥವನ್ನು ಪ್ರಕಟಿಸಿತು. 1799ರ ಹೊತ್ತಿಗೆ ಹಂಪಿಯ ಅವಶೇಷಗಳನ್ನು ಅಳೆದು ನಕ್ಷೆ ಬರೆದವನೂ ಮೆಕೆಂಜಿಯೇ.

ಹಳೆಯ ಮನೆತನಗಳ ಪೆಟ್ಟಿಗೆಗಳಲ್ಲಿ ಇಂತಹ ಕಾಗದಗಳು ಇಂದಿಗೂ ಉಳಿದಿರುವುದುಂಟು. 1972ರ ಪುರಾತನ ವಸ್ತುಗಳ ಅಧಿನಿಯಮದ ಪ್ರಕಾರ, ಚಾರಿತ್ರಿಕ ಮೌಲ್ಯವುಳ್ಳ 75 ವರ್ಷಕ್ಕೂ ಹಳೆಯ ಹಸ್ತಪ್ರತಿಯು ಪುರಾತನ ವಸ್ತುವೆನಿಸುತ್ತದೆ. ಹರಿದ ಕಡೆ ಅಂಟುಪಟ್ಟಿ ಹಚ್ಚದೆ, ಮಡಿಕೆಗಳನ್ನು ಬಲವಂತವಾಗಿ ಬಿಡಿಸದೆ, ತೇವವಿಲ್ಲದ ಸ್ಥಳದಲ್ಲಿ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು, ಸಮೀಪದ ಪತ್ರಾಗಾರ ಅಥವಾ ವಿಶ್ವವಿದ್ಯಾನಿಲಯದ ಹಸ್ತಪ್ರತಿ ವಿಭಾಗಕ್ಕೆ ತಿಳಿಸುವುದು ಸೂಕ್ತ.