ಮೇಜಿನ ಸುತ್ತ, ತಾಲೀಮಿನ ನೆಲದ ಮೇಲೆ

1960ರ ದಶಕದ ನಡುಭಾಗ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಯು.ಆರ್. ಅನಂತಮೂರ್ತಿ ಪಿಎಚ್‌.ಡಿ. ಮಾಡುತ್ತಿದ್ದರು. ಅಲ್ಲಿನ ಅಧ್ಯಾಪಕ, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಜೊತೆ ಒಮ್ಮೆ ಇಂಗ್ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡಿದರು. ಚಿತ್ರ ಸ್ವೀಡಿಷ್ ಭಾಷೆಯದು, ಕೆಳಗೆ ಇಂಗ್ಲಿಷ್ ಸಾಲುಗಳೂ ಇರಲಿಲ್ಲ. ಯೂರೋಪಿನವನು ತನ್ನ ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ಭಾರತದವನಿಗೋ ಹಲವು ಶತಮಾನಗಳು ಮನೆಯ ಜಗಲಿಯಲ್ಲೇ ಒಟ್ಟಿಗೆ ಕೂತಿರುತ್ತವೆ ಎಂಬ ಮಾತು ಇಬ್ಬರ ನಡುವೆ ಬಂತು. ಅದರ ಬೆನ್ನಿಗೇ ‘ಸಂಸ್ಕಾರ’ ಹುಟ್ಟಿತು. 1965ರಲ್ಲಿ ಅಚ್ಚಾಯಿತು. ಈ ಪ್ರಸಂಗವನ್ನು ಅನಂತಮೂರ್ತಿಯವರೇ ಹಲವು ಸಲ ಹೇಳಿಕೊಂಡಿದ್ದಾರೆ.

ಕನ್ನಡದಲ್ಲಿ ಕತೆ ಇಲ್ಲಿಗೆ ನಿಲ್ಲುತ್ತದೆ, ಬ್ರಾಡ್‌ಬರಿಯ ಕತೆ ಮುಂದುವರಿಯುತ್ತದೆ. ಅವರು ನಾರಿಚ್ ಊರಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಕಾದಂಬರಿಕಾರ ಆಂಗಸ್ ವಿಲ್ಸನ್ ಜೊತೆ ಸೇರಿ 1970ರಲ್ಲಿ ಸೃಜನಶೀಲ ಬರವಣಿಗೆಯ ಎಂ.ಎ. ತೆರೆದರು. ಬ್ರಿಟನ್ನಿನಲ್ಲಿ ಅಂಥದ್ದು ಅದೇ ಮೊದಲು. ಮೊದಲ ವರ್ಷ ಸೇರಿದವನು ಒಬ್ಬನೇ ಒಬ್ಬ, 22ರ ಹುಡುಗ ಇಯಾನ್ ಮೆಕ್‌ಇವಾನ್. ತರಗತಿ ಎಂಬುದು ಹೆಸರಿಗಷ್ಟೇ: ಹುಡುಗ ಕತೆ ಬರೆದು ಕೊಡುತ್ತಿದ್ದ, ಬ್ರಾಡ್‌ಬರಿ ಓದುತ್ತಿದ್ದರು, ಆಗಾಗ ಭೇಟಿಯಾಗಿ ನಾಲ್ಕು ಮಾತಾಡುತ್ತಿದ್ದರು. ಹಾಗೆ ನೋಡಿದರೆ ಅಲ್ಲಿ ಕಲಿಸಿದ್ದು ಏನೂ ಇಲ್ಲ. ಆದರೆ ಬರೆದದ್ದನ್ನು ಗಂಭೀರವಾಗಿ ಓದುವವನೊಬ್ಬ ಇದ್ದಾನೆ, ಇಂಥ ದಿನ ಕೊಡಲೇಬೇಕು ಎಂಬ ಎರಡು ಸಂಗತಿಗಳಿದ್ದವು. ಹತ್ತು ವರ್ಷದೊಳಗೆ ಕಜುವೊ ಇಶಿಗುರೊ ಅದೇ ಕೋರ್ಸಿಗೆ ಬಂದರು. ಅಲ್ಲಿ ಬರೆಯತೊಡಗಿದ್ದೇ ಅವರ ಮೊದಲ ಕಾದಂಬರಿಯಾಗಿ 1982ರಲ್ಲಿ ಹೊರಬಂತು. 2017ರಲ್ಲಿ ಅವರಿಗೆ ನೊಬೆಲ್ ಬಂದಾಗ ಆ ವಿಶ್ವವಿದ್ಯಾಲಯ ಬೀಗಿದ್ದರೆ ತಪ್ಪಿಲ್ಲ.

ಅಮೆರಿಕದಲ್ಲಿ ಈ ಬಗೆಯ ಓದಿಗೆ ಇನ್ನೂ ಹೆಚ್ಚು ವಯಸ್ಸು. ಮೆಕ್ಕೆಜೋಳದ ಹೊಲಗಳ ನಾಡು ಅಯೋವಾದಲ್ಲಿ 1936ರಿಂದ ‘ರೈಟರ್ಸ್ ವರ್ಕ್‌ಶಾಪ್’ ನಡೆಯುತ್ತಿದೆ. ಸಂಶೋಧನಾ ಪ್ರಬಂಧದ ಬದಲು ಕವಿತೆಯನ್ನೋ ಕತೆಯನ್ನೋ ಕೊಟ್ಟು ಪದವಿ ಪಡೆಯಬಹುದು ಎಂದು ಆ ವಿಶ್ವವಿದ್ಯಾಲಯ ಅದಕ್ಕೂ ಮುಂಚೆ, 1922ರಲ್ಲೇ ಒಪ್ಪಿತ್ತು. ಬಹಳ ಕಾಲ ಈ ಶಾಲೆಯನ್ನು ನಡೆಸಿದವರು ಕವಿ ಪಾಲ್ ಎಂಗಲ್. ಅವರ ಕೋಣೆಗೆ ಒಂದು ದಿನ ದಕ್ಷಿಣದ ಜಾರ್ಜಿಯಾದಿಂದ ಬಂದ ಹುಡುಗಿಯೊಬ್ಬಳು ಬಂದು ಏನೋ ಹೇಳಿದಳು. ಅವಳ ಊರಿನ ರಾಗ ಎಂಗಲ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ಕಾಗದ ಕೊಟ್ಟು ಬರೆದು ತೋರಿಸು ಅಂದರು. ತಾನು ಪತ್ರಕರ್ತೆಯಲ್ಲ, ಇಲ್ಲಿಗೆ ಸೇರಬಹುದೇ ಎಂಬ ಅರ್ಥದ ಸಾಲು ಬರೆದಳು. ಆಕೆ ಫ್ಲ್ಯಾನರಿ ಓ’ಕಾನರ್. ತರಗತಿಯಲ್ಲೂ ಅವಳ ಕತೆಯನ್ನು ಬೇರೆಯವರು ಓದಬೇಕಾಗುತ್ತಿತ್ತಂತೆ. ಕುಂದಾಪುರದ ಹುಡುಗಿಯೊಬ್ಬಳು ತನ್ನ ಕನ್ನಡದಲ್ಲಿ ಬರೆದದ್ದನ್ನು ಕಲಬುರಗಿಯಲ್ಲಿ ಓದಿದಂತೆ ಅಂದುಕೊಳ್ಳಿ. ಆಡಿದರೆ ತಿಳಿಯದ ಆ ರಾಗವೇ ಆಕೆಯ ಕತೆಗಳ ಜೀವಾಳವಾಯಿತು.

ಇಂಥ ವರ್ಕ್‌ಶಾಪ್ ನಡೆಯುವ ಬಗೆ ಸರಳ. ಹತ್ತು ಹನ್ನೆರಡು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬರ ಬರಹದ ಪ್ರತಿ ಮೊದಲೇ ಎಲ್ಲರ ಕೈಗೂ ಹೋಗಿರುತ್ತದೆ. ಎಲ್ಲರೂ ಅದರ ಬಗ್ಗೆ ಮಾತಾಡುತ್ತಾರೆ. ಬರೆದವರು ಮಾತ್ರ ತುಟಿ ಬಿಚ್ಚುವಂತಿಲ್ಲ. ಈ ಮೌನದ ಕಟ್ಟಳೆ ಕ್ರೂರ ಅನಿಸಬಹುದು, ಆದರೆ ಪುಸ್ತಕ ಅಚ್ಚಾದ ಮೇಲೆ ಓದುಗರ ಪಕ್ಕದಲ್ಲಿ ಕೂತು “ನಾನು ಹೇಳಿದ್ದು ಹಾಗಲ್ಲ” ಎಂದು ವಿವರಿಸಲು ಆಗುವುದಿಲ್ಲವಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹುಡುಗನೊಬ್ಬ ಬರೆದಿದ್ದಾನೆ: ‘ಮಗ ದುಬೈಗೆ ಹೊರಡುತ್ತೇನೆ ಅಂದಾಗ ಅಜ್ಜಿಗೆ ತುಂಬಾ ದುಃಖವಾಯಿತು.’ ಮೇಜಿನ ಆಚೆಯಿಂದ ಒಬ್ಬಳು ಕೇಳುತ್ತಾಳೆ, “ಅವನು ಹಾಗಂದಾಗ ಅಜ್ಜಿ ಏನ್ ಮಾಡ್ತಿದ್ರು?” ಹುಡುಗನಿಗೆ ಮಾತಾಡುವಂತಿಲ್ಲ, ಉತ್ತರವೂ ಗೊತ್ತಿಲ್ಲ. ಮರುವಾರ ಆ ಸಾಲು ಹೀಗೆ ಬರುತ್ತದೆ: ‘ಅಜ್ಜಿ ಏನೂ ಅನ್ನಲಿಲ್ಲ. ಆರಿಸಿಟ್ಟಿದ್ದ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಮತ್ತೆ ಆರಿಸತೊಡಗಿದಳು.’ ಹುಡುಗನಿಗೆ ಪ್ರತಿಭೆಯನ್ನು ಯಾರೂ ಕೊಡಲಿಲ್ಲ. ಅಜ್ಜಿ, ಅಕ್ಕಿ, ಮೊರ ಎಲ್ಲ ಅವನ ಮನೆಯದೇ. ಒಂದು ಪ್ರಶ್ನೆ ಮಾತ್ರ ಹೊರಗಿನಿಂದ ಬಂತು.

ಹಾಗೆಂದು ಇದನ್ನೇ ಮಂತ್ರ ಮಾಡಿಕೊಂಡರೆ ಕೆಟ್ಟಿತು. ‘ಹೇಳಬೇಡ, ತೋರಿಸು’ ಎಂಬ ಸೂತ್ರ ಇಂಥ ಶಾಲೆಗಳಲ್ಲಿ ಶಾಸನದಂತಾಗಿದೆ. ಎಲ್ಲ ಕತೆಗಳೂ ಒಂದೇ ಅಚ್ಚಿನ ಇಡ್ಲಿಗಳಂತಾಗುತ್ತವೆ ಎಂಬ ದೂರು ಅಮೆರಿಕದಲ್ಲೇ ಹಳೆಯದು. ಹರಿಕಥೆ ಕೇಳಿ ಬೆಳೆದ ನಮಗೆ, ಕತೆ ನಿಲ್ಲಿಸಿ ಎರಡು ಮಾತು ಹೇಳುವವನೂ ಕತೆಯ ಒಳಗಿನವನೇ. ಮಾಸ್ತಿಯವರ ಕತೆಗಳಲ್ಲಿ ನಿರೂಪಕ ಎಷ್ಟು ಧಾರಾಳವಾಗಿ ಮಾತಾಡುತ್ತಾನೆ! ಅವನ ಬಾಯಿ ಮುಚ್ಚಿಸಿದರೆ ಮಾಸ್ತಿ ಎಲ್ಲಿ ಉಳಿದರು?

ಬರೆಯುವುದನ್ನು ಕಲಿಸಲು ಬರುವುದಿಲ್ಲ, ಅದು ಹುಟ್ಟಿನಿಂದಲೇ ಬರಬೇಕು ಎನ್ನುವವರು ನಮ್ಮಲ್ಲಿ ಬಹಳ. ಆದರೆ ನಮಗೆ ದೊರೆತಿರುವ ಕನ್ನಡದ ಅತ್ಯಂತ ಹಳೆಯ ಕೃತಿ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ಕಾವ್ಯ ಬರೆಯುವವರಿಗೆ ಬರೆದ ಕೈಪಿಡಿ. ಅದರ ಮೊದಲ ಪರಿಚ್ಛೇದದಲ್ಲೇ ಕಾವ್ಯದ ದೋಷಗಳ ವಿಚಾರ ಬರುತ್ತದೆ. ಓದದವರೂ ಕಾವ್ಯದಲ್ಲಿ ನಿಪುಣರು ಎಂದು ಕನ್ನಡ ಜನರನ್ನು ಹೊಗಳಿದ್ದೂ ಅದೇ ಗ್ರಂಥ. ಹೊಗಳಿ ಸುಮ್ಮನಾಗದೆ ಪಾಠವನ್ನೂ ಮಾಡಿತು. ಹನ್ನೊಂದನೆಯ ಶತಮಾನದ ಕಾಶ್ಮೀರದ ಮಮ್ಮಟ ಕಾವ್ಯಕ್ಕೆ ಕಾರಣ ಹೇಳುವಾಗ ಪ್ರತಿಭೆ, ಪಾಂಡಿತ್ಯಗಳ ಜೊತೆಗೆ, ಕಾವ್ಯ ಬಲ್ಲವರ ಕೈಕೆಳಗೆ ಮಾಡುವ ಅಭ್ಯಾಸವನ್ನೂ ಸೇರಿಸಿದ. ವರ್ಕ್‌ಶಾಪ್‌ಗೆ ಇದಕ್ಕಿಂತ ಚೆನ್ನಾದ ಸಮರ್ಥನೆ ಬೇಕೆ?

ಇಷ್ಟಿದ್ದೂ ಅಯೋವಾ ಮಾದರಿಯ ಬರವಣಿಗೆಯ ಶಾಲೆ ಕನ್ನಡದಲ್ಲಿ ಬೇರೂರಲಿಲ್ಲ. ನಮ್ಮ ಲೇಖಕರು ಇಂಗ್ಲಿಷ್ ವಿಭಾಗದಲ್ಲೋ ಕನ್ನಡ ವಿಭಾಗದಲ್ಲೋ ಪಾಠ ಹೇಳುತ್ತ, ಮನೆಗೆ ಬಂದು ಬರೆದರು. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞಾನದಲ್ಲಿ ದುಡಿದು ಬರೆದರು. ನನ್ನ ಲೆಕ್ಕದಲ್ಲಿ ನಮ್ಮ ವರ್ಕ್‌ಶಾಪ್ ನಡೆದದ್ದು ಪತ್ರಿಕೆಗಳಲ್ಲಿ. ಮಾಸ್ತಿಯವರ ‘ಜೀವನ’, ಅಡಿಗರ ‘ಸಾಕ್ಷಿ’, 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಇವುಗಳ ಸಂಪಾದಕರ ಮೇಜೇ ನಮ್ಮ ಸೆಮಿನಾರ್ ಕೋಣೆ. ಶುಲ್ಕವಿಲ್ಲ, ಸರ್ಟಿಫಿಕೇಟೂ ಇಲ್ಲ. ಅಂಥ ಸಂಪಾದಕರು ವಿರಳವಾಗಿರುವ ಈಗ, ಕಾಲೇಜಿನಲ್ಲಿ ಬರವಣಿಗೆಯ ತರಗತಿ ಬೇಕೆಂಬ ಮಾತಿಗೆ ತೂಕ ಬಂದಿದೆ. ಮುಕ್ತ ವಿಶ್ವವಿದ್ಯಾಲಯ ಇಗ್ನೋ ಬಹಳ ವರ್ಷಗಳಿಂದ ಅಂಚೆಯ ಮೂಲಕ ಇಂಗ್ಲಿಷಿನಲ್ಲಿ ಸೃಜನಶೀಲ ಬರವಣಿಗೆಯ ಡಿಪ್ಲೊಮಾ ಕೊಡುತ್ತಿದೆ. ಮೇಜಿನ ಸುತ್ತ ಕೂರುವ ಸುಖ, ಸಂಕಟ ಎರಡೂ ಅಂಚೆಯಲ್ಲಿ ಬರುವುದು ಕಷ್ಟ.

ರಂಗಭೂಮಿಯ ವಿಷಯಕ್ಕೆ ಬಂದರೆ ಚಿತ್ರ ಪೂರಾ ಬೇರೆ. ನಟನಾಗಲು ಶಾಲೆಗೆ ಹೋಗುವುದನ್ನು ಕನ್ನಡ ತಕರಾರಿಲ್ಲದೆ ಒಪ್ಪಿಕೊಂಡಿತು. ಮೊದಲು ಆ ಶಾಲೆಗೆ ಕಂಪನಿ ಎಂದು ಹೆಸರು. ಬಂಟ್ವಾಳ ಸೀಮೆಯ ಬಾಬುಕೋಡಿ ವೆಂಕಟರಮಣ ಕಾರಂತ ಹುಡುಗನಾಗಿದ್ದಾಗ ಮನೆ ಬಿಟ್ಟು ಓಡಿ ಗುಬ್ಬಿ ಕಂಪನಿ ಸೇರಿದರು. ಗುಬ್ಬಿ ವೀರಣ್ಣನವರೇ ಮುಂದೆ ಅವರನ್ನು ಓದಲೆಂದು ಬನಾರಸಿಗೆ ಕಳಿಸಿದರು. ಅಲ್ಲಿಂದ ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋದರು. 1959ರಲ್ಲಿ ಶುರುವಾದ ಆ ಶಾಲೆ ಇಬ್ರಾಹಿಂ ಅಲ್ಕಾಜಿಯವರ ಕೈಯಲ್ಲಿ ಶಿಸ್ತಿಗೆ ಹೆಸರಾಯಿತು. 1977ರಲ್ಲಿ ಅಲ್ಕಾಜಿಯವರ ನಂತರ ಅದರ ನಿರ್ದೇಶಕರಾದವರು ಅದೇ ಕಾರಂತರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದವರೂ ಅವರೇ. ಕಂಪನಿಯ ಹಾಡು, ದೆಹಲಿಯ ಶಿಸ್ತು ಎರಡೂ ಒಬ್ಬರ ಮೈಯಲ್ಲಿದ್ದವು.

ಆದರೆ ಕನ್ನಡದ ದೊಡ್ಡ ಸಾಹಸ ರಾಜಧಾನಿಯಲ್ಲಿ ಆದದ್ದಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತ್ತು. ಅಡಿಕೆ ತೋಟದ ಊರಿನ ಹವ್ಯಾಸಿಗಳ ಆ ಕೂಟವನ್ನು ಕೆ.ವಿ. ಸುಬ್ಬಣ್ಣ ನೀನಾಸಂ ಆಗಿ ಬೆಳೆಸಿದರು, 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ಕೇಂದ್ರದ್ದು ಒಂದು ವರ್ಷದ ಡಿಪ್ಲೊಮಾ, ಪಾಠ ಕನ್ನಡದಲ್ಲಿ. ದೆಹಲಿಗೆ ಹೋಗಲು ಪದವಿ ಬೇಕು, ಹಿಂದಿಯೂ ನಾಲಿಗೆಗೆ ಒಗ್ಗಬೇಕು. ಹೆಗ್ಗೋಡಿಗೆ ಬಸ್ಸು ಹತ್ತಿದರೆ ಸಾಕು ಎಂಬ ಧೈರ್ಯವನ್ನು ಅದು ಹಳ್ಳಿಯ ಹುಡುಗರಿಗೆ ಕೊಟ್ಟಿತು.

ರಂಗಶಾಲೆಗೆ ಹೊಸದಾಗಿ ಸೇರಿದವರಿಗೆ ಮೊದಲು ಕಾದಿರುವುದು ನಿರಾಸೆ. ಪಾತ್ರ ಸಿಗುತ್ತದೆ ಎಂದು ಬಂದರೆ ಉಸಿರಾಡುವುದನ್ನು ಕಲಿಸುತ್ತಾರೆ. ಅಂಗಾತ ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಉಸಿರು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಆಮೇಲೆ ಅಕ್ಷರ. ‘ಅಕ್ಕಿ’ ತಿನ್ನುವಂಥದ್ದು, ‘ಹಕ್ಕಿ’ ಹಾರುವಂಥದ್ದು ಎಂದು ಇಪ್ಪತ್ತೆರಡು ವರ್ಷದವನಿಗೆ ಹೇಳಿಕೊಡಬೇಕಾಗುತ್ತದೆ. ಒಳ್ಳೆಯ ಮೇಷ್ಟರು ಅವನ ಊರಿನ ಮಾತನ್ನು ಹೊಡೆದು ಹಾಕುವುದಿಲ್ಲ, ಅದನ್ನು ಪಕ್ಕಕ್ಕೆ ಇಟ್ಟುಕೊಳ್ಳಲು ಹೇಳುತ್ತಾರೆ. ಯಾವುದೋ ನಾಟಕಕ್ಕೆ ಅದೇ ಬೇಕಾಗುತ್ತದೆ. ‘ಬಾಗಿಲು ಹಾಕು’ ಎಂಬ ಎರಡೇ ಪದವನ್ನು ಹೆಂಡತಿಗೆ, ಆಳಿಗೆ, ಸಾಯುತ್ತಿರುವ ತಂದೆಗೆ ಹೇಳಿ ನೋಡಬೇಕು. ಮೂರೂ ಕೊನೆಯ ಸಾಲಿನ ಕುರ್ಚಿಗೆ ಕೇಳಬೇಕು, ಕೂಗಬಾರದು.

ಸಂಜೆ ತಾಲೀಮು. ನಾಯಕನ ಪಾತ್ರ ಮಾಡುವವನು ಮರುದಿನ ಮೇಕಪ್ ಪೆಟ್ಟಿಗೆ ಹೊರಬೇಕು, ಸೆಟ್ಟಿಗೆ ಮೊಳೆ ಹೊಡೆಯಬೇಕು, ಲೈಟಿನ ವೈರು ಎಳೆಯಬೇಕು. ಇದನ್ನು ಬಿಟ್ಟಿ ಚಾಕರಿ ಎಂದು ಗೊಣಗುವವರಿದ್ದಾರೆ. ಎದುರಿನ ದೀಪದ ಬಿಸಿ ತಾಗಿದವನಿಗೆ ಮಾತ್ರ ಬೆಳಕಿನ ವೃತ್ತದಲ್ಲಿ ನಿಲ್ಲುವುದು ಹೇಗೆಂದು ಕಾಲಿಗೇ ತಿಳಿಯುತ್ತದೆ. ಬರೆಯುವವನು ಮೇಜಿನ ಸುತ್ತ ಬಾಯಿ ಮುಚ್ಚಿ ಕಲಿಯುವುದನ್ನು ನಟ ಇಲ್ಲಿ ಮೈ ದಂಡಿಸಿ ಕಲಿಯುತ್ತಾನೆ. ಇನ್ನೊಬ್ಬರ ಕಣ್ಣಿಗೆ ತಾನು ಹೇಗೆ ಕಾಣುತ್ತೇನೆ ಎಂಬುದೇ ಇಬ್ಬರ ಪಾಠವೂ.

ಹೊಟ್ಟೆಪಾಡಿನ ಪ್ರಶ್ನೆ ಇದ್ದೇ ಇದೆ. ಕೆಲವರು ಧಾರಾವಾಹಿ, ಸಿನಿಮಾಕ್ಕೆ ಹೋದರು. ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಹೆಗ್ಗೋಡಿನಲ್ಲಿ ಕಲಿತವರೇ. ಕೆಲವರು ಸರ್ಕಾರಿ ಶಾಲೆಗಳಲ್ಲಿ ನಾಟಕದ ಮೇಷ್ಟರಾದರು. ಊರಿಗೆ ಮರಳಿ ತೋಟ ನೋಡಿಕೊಂಡು ವರ್ಷಕ್ಕೊಂದು ನಾಟಕ ಆಡಿಸುವವರೂ ಇದ್ದಾರೆ. ಅವರ ಲೆಕ್ಕವನ್ನು ಯಾವ ಪ್ಲೇಸ್‌ಮೆಂಟ್ ಪಟ್ಟಿಯೂ ಇಡುವುದಿಲ್ಲ. ಸೇರುವ ಮೊದಲು ಮಾಹಿತಿ ಪುಸ್ತಕ ಓದುವುದಕ್ಕಿಂತ ಆ ಶಾಲೆಯ ಹುಡುಗರ ಪ್ರಯೋಗವೊಂದನ್ನು ಹೋಗಿ ನೋಡುವುದು ಒಳ್ಳೆಯದು. ಚಿಕ್ಕ ಪಾತ್ರದವನು ತನಗೆ ಮಾತಿಲ್ಲದಾಗ ಏನು ಮಾಡುತ್ತಿದ್ದಾನೆ, ಅದನ್ನು ಗಮನಿಸಿ.

1985ರಲ್ಲಿ ನೀನಾಸಂ ‘ತಿರುಗಾಟ’ ಶುರು ಮಾಡಿತು. ಕಲಿತು ಮುಗಿಸಿದವರನ್ನೂ ಕಟ್ಟಿಕೊಂಡು ನಾಟಕಗಳು ಊರೂರು ಅಲೆಯುತ್ತವೆ. ಇವತ್ತು ಪೇಟೆಯ ದೊಡ್ಡ ರಂಗಮಂದಿರ, ನಾಳೆ ಹೈಸ್ಕೂಲಿನ ಗಿಡ್ಡ ವೇದಿಕೆ. ಮಧ್ಯಾಹ್ನ ಸಾಮಾನು ಇಳಿಸಿದ ಮೇಲೆ ನಟರು ಮಾಡುವ ಮೊದಲ ಕೆಲಸ, ಸೈಡ್ ವಿಂಗಿನಿಂದ ನಡುಮಧ್ಯಕ್ಕೆ ನಡೆದು ನೋಡುವುದು. ನಿನ್ನೆ ಆರು ಹೆಜ್ಜೆ ಇತ್ತು, ಇಲ್ಲಿ ನಾಲ್ಕೇ. ಮಾತು ಮಾತ್ರ ಅಷ್ಟೇ ಉದ್ದ. ಒಬ್ಬ ನಿಂತು ಎಣಿಸುತ್ತಾನೆ, ಹಿಂದಕ್ಕೆ ಹೋಗಿ ಮತ್ತೆ ನಡೆಯುತ್ತಾನೆ.